ವಿನಿಮಯ ಪದರದ ನಿವೃತ್ತಿ

ಐದು ಸರಕಾರಿ ಇಲಾಖೆಗಳು ಒಂದೇ ಕಟ್ಟಡದಲ್ಲಿ, ಒಂದರ ತಲೆಯ ಮೇಲೊಂದು ಕುಳಿತಿದ್ದರೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ ಎಂಬುದು ಸರಕಾರದ ಗಮನಕ್ಕೆ ಬಂದು, ಅದರ ಪರಿಹಾರಕ್ಕಾಗಿ ಡಿಜಿಟಲ್ ಏಕೀಕರಣ ಯೋಜನೆಯನ್ನು ಜಾರಿಗೆ ತರಲಾಯಿತು. ಯೋಜನೆ ಸಂಪೂರ್ಣ ಯಶಸ್ವಿಯಾಯಿತು. ಆ ಯಶಸ್ಸಿಗೆ ಎರಡು ಮೊಣಕಾಲುಗಳು ಕಾರಣ ಎಂಬುದು ಯಾವ ವರದಿಯಲ್ಲೂ ಇಲ್ಲ. ವರದಿಯ ನಮೂನೆಯಲ್ಲಿ ಮೊಣಕಾಲಿಗೆ ಅಂಕಣ ಇರಲಿಲ್ಲ.

ಆ ಮೊಣಕಾಲುಗಳು ಚೀಲದಣ್ಣನವು. ಚೀಲದಣ್ಣ ಆ ಕಟ್ಟಡದ ಜವಾನ. ಮೂವತ್ತಾರು ವರ್ಷಗಳಿಂದ ಅವನ ಎಡ ಹೆಗಲಿನಿಂದ ಒಂದು ಖಾಕಿ ಬಟ್ಟೆಯ ಚೀಲ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಅವನಿಗೂ ಒಂದು ಹೆಸರಿತ್ತು. ಸೇವಾ ಪುಸ್ತಕದ ಮೊದಲ ಪುಟದಲ್ಲಿ ಅದು ಈಗಲೂ ಇರಬೇಕು.

ಕಟ್ಟಡದ ವಿವರ ಹೀಗಿದೆ. ನೆಲಮಹಡಿಯಲ್ಲಿ ಜನನ ಮರಣ ನೋಂದಣಿ. ಒಂದನೇ ಮಹಡಿಯಲ್ಲಿ ಭೂದಾಖಲೆ. ಎರಡನೆಯದರಲ್ಲಿ ನೀರು ಸರಬರಾಜು. ಮೂರನೆಯದರಲ್ಲಿ ಕಟ್ಟಡ ಪರವಾನಗಿ. ನಾಲ್ಕನೆಯದರಲ್ಲಿ ಸಿಬ್ಬಂದಿ ಇಲಾಖೆ. ಮಹಡಿಗೆ ಇಪ್ಪತ್ತೆರಡರಂತೆ ಒಟ್ಟು ಎಂಬತ್ತೆಂಟು ಮೆಟ್ಟಿಲು. ಲಿಫ್ಟ್ ಇದೆ. ಆದರೆ ಅದು ಕಟ್ಟಡ ನಿರ್ವಹಣಾ ಇಲಾಖೆಗೆ ಸೇರಿದ್ದು. ಆ ಇಲಾಖೆ ಏಕೀಕರಣದ ಒಡಂಬಡಿಕೆಗೆ ಸಹಿ ಮಾಡಿರಲಿಲ್ಲವಾದ್ದರಿಂದ ಏಕೀಕರಣದ ಕೆಲಸಕ್ಕೆ ಅದರ ಲಿಫ್ಟನ್ನು ಬಳಸುವುದು ಅಕ್ರಮವಾಗುತ್ತಿತ್ತು.

ಉಳಿದ ಐದು ಇಲಾಖೆಗಳ ಮುಖ್ಯಸ್ಥರು ಒಡಂಬಡಿಕೆಗೆ ಸಂತೋಷದಿಂದ ಸಹಿ ಮಾಡಿದ್ದರು. ಒಬ್ಬರ ಪೆನ್ನನ್ನು ಇನ್ನೊಬ್ಬರು ಬಳಸಿದರೆ ಮುಂದಕ್ಕೆ ಅದೇ ರೂಢಿಯಾಗಿಬಿಡುತ್ತದೆಂದು ಐವರೂ ತಮ್ಮ ತಮ್ಮ ಪೆನ್ನು ತಂದಿದ್ದರು. ಒಡಂಬಡಿಕೆಯ ಹೃದಯ ಅದರ ಮೂರನೇ ಕಲಮು: "ಯಾವ ಇಲಾಖೆಯೂ ತನ್ನ ಮಾಹಿತಿಯನ್ನು ಮತ್ತೊಂದು ಇಲಾಖೆಗೆ ಕಳುಹಿಸತಕ್ಕದ್ದಲ್ಲ. ಆದರೆ ಬಂದು ಕೇಳಿದಲ್ಲಿ ಕೊಡದೆ ಇರತಕ್ಕದ್ದೂ ಅಲ್ಲ." ಸಹಕಾರ ಎಂಬುದನ್ನು ಇಷ್ಟು ಚೊಕ್ಕವಾಗಿ ಹಿಂದೆ ಯಾರೂ ಬರೆದಿರಲಿಲ್ಲ ಎಂದು ಐವರೂ ಒಪ್ಪಿದರು. ಅಲ್ಲಿಯವರೆಗೆ ಅವರು ಒಮ್ಮತದಿಂದ ಒಪ್ಪಿದ ವಿಷಯ ಅದೊಂದೇ.

ಐದು ಇಲಾಖೆಗಳ ಕಂಪ್ಯೂಟರುಗಳನ್ನು ಬೆಸೆಯಲು ನಡುವೆ ಒಂದು ಯಂತ್ರ ಬೇಕಿತ್ತು. ಯೋಜನಾ ವರದಿಯ ನಕ್ಷೆಯಲ್ಲಿ ಐದು ವೃತ್ತಗಳ ನಡುವೆ ಒಂದು ಚೌಕ ಬರೆದು, ಅದಕ್ಕೆ 'ವಿನಿಮಯ ಪದರ' ಎಂದು ಹೆಸರಿಟ್ಟಿದ್ದರು. ಯಂತ್ರವನ್ನು ತರಿಸಿದ್ದೂ ಆಯಿತು. ಟ್ರಂಕಿನಷ್ಟು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಅದು ಬಂದಿಳಿಯಿತು. ಆದರೆ ಅದರ ಪ್ಲಗ್ಗನ್ನು ಯಾರ ಗೋಡೆಗೆ ಚುಚ್ಚುವುದು? ಯಾರ ಗೋಡೆಗೆ ಚುಚ್ಚಿದರೆ ಯಂತ್ರ ಅವರದಾಗುತ್ತದೆ, ಯಂತ್ರ ಯಾರದೋ ಏಕೀಕರಣ ಅವರದಾಗುತ್ತದೆ, ಏಕೀಕರಣ ಯಾರದೋ ಅದರ ಪ್ರಶಸ್ತಿ ಪಡೆಯಲು ವಿಮಾನ ಹತ್ತುವವರು ಅವರೇ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಏಳು ಸಭೆಗಳು ನಡೆದವು. ತೀರ್ಮಾನವಾಗುವವರೆಗೆ ಪೆಟ್ಟಿಗೆಯನ್ನು ನೆಲಮಹಡಿಯ ಮೆಟ್ಟಿಲ ಕೆಳಗೆ ಇಟ್ಟು, ಅದರ ಮೇಲೆ 'ಮುಟ್ಟಬಾರದು, ಕೂರಬಾರದು' ಎಂಬ ಫಲಕ ಹಚ್ಚಲಾಯಿತು. ಹಚ್ಚಿದವನು ಚೀಲದಣ್ಣ. ಆ ಕಟ್ಟಡದಲ್ಲಿ ಅವನು ಕೂರಬಹುದಾಗಿದ್ದ ಒಂದೇ ಜಾಗ ಅದಾಗಿತ್ತು.

ಉದ್ಘಾಟನೆಯ ದಿನ ಹತ್ತಿರ ಬಂತು. ಗುಂಡಿ ಒತ್ತಲು ದೊಡ್ಡವರು ಬರುವುದು ನಿಶ್ಚಯವಾಗಿತ್ತು. ನಕ್ಷೆಯ ಚೌಕದಲ್ಲಿ ಮಾತ್ರ ಏನೂ ಇರಲಿಲ್ಲ. ಆಗ ಯೋಜನೆಯ ಸಮನ್ವಯಾಧಿಕಾರಿಯವರು ಮೂರನೇ ಕಲಮನ್ನು ಅಡಿಪಟ್ಟಿ ಇಟ್ಟು ಓದಿದರು. ಅವರು ಏನನ್ನೇ ಓದಿದರೂ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟೇ ಓದುವವರು, ಸೀರೆಯ ನೆರಿಗೆ, ಕಡತದ ದಾರ, ಕೆಳಗಿನವರ ಬೆನ್ನು ಎಲ್ಲವೂ ನೆಟ್ಟಗಿರಬೇಕೆಂಬ ಹೆಂಗಸು. "ಬಂದು ಕೇಳಿದಲ್ಲಿ ಎಂದಿದೆ. ಹಾಗಾದರೆ ಯಾರಾದರೂ ಹೋಗಿ ಕೇಳಿದರಾಯಿತು," ಎಂದರು.

ಹೋಗಿ ಕೇಳುವವನು ಐದು ಇಲಾಖೆಗಳಲ್ಲಿ ಯಾವುದಕ್ಕೂ ಸೇರಿದವನಾಗಿರಬಾರದು. ಅಂಥವನು ಒಬ್ಬನೇ ಇದ್ದ. ಚೀಲದಣ್ಣ ಬೆರಳಚ್ಚು ಯಂತ್ರ ನಿರ್ವಹಣಾ ಇಲಾಖೆಯ ಜವಾನ. ಆ ಇಲಾಖೆಯನ್ನು ಹನ್ನೊಂದು ವರ್ಷದ ಹಿಂದೆಯೇ ಮುಚ್ಚಿದ್ದರು. ಮುಚ್ಚುವ ಆದೇಶದಲ್ಲಿ ಮೇಜು, ಕುರ್ಚಿ, ಬೀರು, ಬೆಕ್ಕು ಎಲ್ಲದರ ವಿಲೇವಾರಿ ನಮೂದಾಗಿ ಇವನೊಬ್ಬ ಬಿಟ್ಟುಹೋಗಿದ್ದ.

ಹೀಗೆ ಏಕೀಕರಣ ಆರಂಭವಾಯಿತು. ಒಬ್ಬ ನಾಗರಿಕ ಮನೆಯಲ್ಲಿ ಕುಳಿತು ನಲ್ಲಿಗಾಗಿ ಅರ್ಜಿಯ ಗುಂಡಿ ಒತ್ತಿದರೆ, ಎರಡನೇ ಮಹಡಿಯಲ್ಲಿ ಒಂದು ಹಾಳೆ ಮುದ್ರಣವಾಗಿ ಹೊರಬರುವುದು. ಚೀಲದಣ್ಣ ಅದನ್ನು ಚೀಲಕ್ಕೆ ಹಾಕಿಕೊಂಡು ಒಂದನೇ ಮಹಡಿಗೆ ಇಳಿದು, ಅರ್ಜಿದಾರನಿಗೆ ಮನೆ ಇದೆಯೇ ಎಂದು ಕೇಳುವನು. ನೆಲಮಹಡಿಗೆ ಇಳಿದು, ಅವನು ಹುಟ್ಟಿದ್ದಾನೆಯೇ ಎಂದು ಕೇಳುವನು. ಮೂರನೇ ಮಹಡಿಗೆ ಹತ್ತಿ, ಮನೆಗೆ ಪರವಾನಗಿ ಇದೆಯೇ ಎಂದು ಕೇಳುವನು. ನಾಲ್ಕಕ್ಕೆ ಹತ್ತಿ, ಈ ಮೂರಕ್ಕೂ ಸಹಿ ಹಾಕಿದವರು ಈ ದಿನ ನಿಜಕ್ಕೂ ಕೆಲಸದಲ್ಲಿದ್ದಾರೆಯೇ ಎಂದು ಕೇಳುವನು. ನಂತರ ಎರಡಕ್ಕೆ ಮರಳಿದರೆ ಅಲ್ಲಿಯ ಗುಮಾಸ್ತ ಎಲ್ಲವನ್ನೂ ಟೈಪು ಮಾಡುವನು. ಅಷ್ಟು ಹೊತ್ತೂ ನಾಗರಿಕನ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿರುತ್ತಿತ್ತು. ಅದು ತಿರುಗುತ್ತಿದೆ ಎಂದರೆ ಚೀಲದಣ್ಣ ಹತ್ತುತ್ತಿದ್ದಾನೆ ಎಂದು ಅರ್ಥ.

ಮಧ್ಯಾಹ್ನ ಒಂದರಿಂದ ಎರಡರವರೆಗೆ 'ವ್ಯವಸ್ಥೆಯು ನಿರ್ವಹಣೆಯಲ್ಲಿದೆ' ಎಂಬ ಪ್ರಕಟಣೆ ಬರುತ್ತಿತ್ತು. ಅದು ಅವನ ಬುತ್ತಿಯ ವೇಳೆ. ಅವನಿಗೆ ಹಲ್ಲುನೋವು ಬಂದ ದಿನ 'ಅನಿವಾರ್ಯ ತಾಂತ್ರಿಕ ಕಾರಣ' ಎಂದಿತ್ತು. ಅವನು ಮೂತ್ರಕ್ಕೆ ಹೋದಾಗ 'ದಯವಿಟ್ಟು ಕಾಯಿರಿ' ಎಂದಷ್ಟೇ ಬರುತ್ತಿತ್ತು. ಅರ್ಜಿಗೆ ಸರಾಸರಿ ನಲವತ್ತೇಳು ನಿಮಿಷ. ತಂಪು ತಿಂಗಳುಗಳಲ್ಲಿ ಅರವತ್ತೆರಡು. ಮೊಣಕಾಲು ಹಿಡಿದುಕೊಳ್ಳುವುದರಿಂದ ಆಗುವ ಈ ವ್ಯತ್ಯಾಸಕ್ಕೆ ವರದಿಯಲ್ಲಿ 'ಋತುಮಾನದ ಏರಿಳಿತ' ಎಂದು ಹೆಸರು ಕೊಟ್ಟು, ಬಣ್ಣದ ನಕ್ಷೆ ಬರೆಸಿದ್ದರು.

ಚೀಲದಣ್ಣನಿಗೆ ಒಂದು ಅಭ್ಯಾಸವಿತ್ತು. ಎರಡು ಮಹಡಿಗಳ ನಡುವೆ ಮೆಟ್ಟಿಲು ತಿರುಗುವಲ್ಲಿ ಕಿಟಕಿಯ ಬೆಳಕಿಗೆ ನಿಂತು, ಉಸಿರು ತಹಬಂದಿಗೆ ಬರುವಷ್ಟು ಹೊತ್ತು, ಕೈಯಲ್ಲಿದ್ದ ಹಾಳೆಯನ್ನು ಓದುತ್ತಿದ್ದ. ತಪ್ಪು ಕಂಡರೆ ಅಲ್ಲಿಂದಲೇ ಹಿಂತಿರುಗುತ್ತಿದ್ದ.

"ಏನಪ್ಪಾ, ಇಲ್ಲಿ ಮಗ ಅಪ್ಪನಿಗಿಂತ ಎರಡು ವರ್ಷ ದೊಡ್ಡೋನಾಗಿಬಿಟ್ಟಿದ್ದಾನಲ್ಲ," ಎನ್ನುತ್ತಿದ್ದ ನೆಲಮಹಡಿಯ ಗುಮಾಸ್ತನಿಗೆ.

"ಆಗ್ಲಿ ಬಿಡಣ್ಣ. ಅವರ ಮನೆ ವಿಷಯ, ನಿನಗ್ಯಾಕೆ ಊರ ಉಸಾಬರಿ?"

"ಉಸಾಬರಿ ನನ್ನದಲ್ಲಪ್ಪ, ಕಾಲು ನನ್ನದು. ಮೇಲಿನೋರು ವಾಪಸ್ ಕಳಿಸಿದ್ರೆ ಇಳಿದು ಬರೋನು ನಾನೇ ತಾನೆ?"

ಇದನ್ನು ವಾರ್ಷಿಕ ವರದಿಯಲ್ಲಿ 'ಸ್ವಯಂಚಾಲಿತ ದೋಷ ಪತ್ತೆ' ಎಂದು ಕರೆದರು. ಐದು ಇಲಾಖೆಗಳ ಗುಮಾಸ್ತರು ಅಂದಿನಿಂದ ತಾವು ಬರೆದದ್ದನ್ನು ತಾವೇ ಓದಿ ನೋಡುವ ಕೆಲಸವನ್ನು ಬಿಟ್ಟರು. ಯಂತ್ರದ ಕೆಲಸವನ್ನು ಮನುಷ್ಯ ಮಾಡುವುದು ಅಪವ್ಯಯ.

ಎರಡನೇ ವರ್ಷ ಏಕೀಕರಣಕ್ಕೆ ಪ್ರಶಸ್ತಿ ಬಂತು. ಅದನ್ನು ಕೊಡುವ ಮೊದಲು ಕೋಟು ಹಾಕಿದ ಮೂವರು ಬಂದು ಪರಿಶೀಲಿಸಿದರು. ವಿನಿಮಯ ಪದರವನ್ನು ತೋರಿಸಿ ಎಂದಾಗ ಸಮನ್ವಯಾಧಿಕಾರಿಯವರು, ಸುಳ್ಳು ಹೇಳುವ ಅಭ್ಯಾಸ ಇಲ್ಲದವರು, ಮೆಟ್ಟಿಲು ತೋರಿಸಿದರು. ಚೀಲದಣ್ಣ ಏದುಸಿರು ಬಿಡುತ್ತ ಬರುತ್ತಿದ್ದ.

"ನಿಮ್ಮ ಸಾಮರ್ಥ್ಯ ಎಷ್ಟು?" ಎಂದು ಒಬ್ಬರು ಕೇಳಿದರು.

"ಚೀಲ ಹಿಡಿಸೋವಷ್ಟು ಸ್ವಾಮಿ."

"ಒಂದು ವೇಳೆ ಕುಸಿದರೆ?"

"ಗೋಡೆ ಹಿಡ್ಕೋತೀನಿ."

ಮೂವರೂ ಬರೆದುಕೊಂಡರು. ಪ್ರಶಸ್ತಿಪತ್ರದಲ್ಲಿ 'ಅತ್ಯಲ್ಪ ವಿದ್ಯುತ್ ಬಳಕೆ' ಎಂಬ ವಿಶೇಷ ಮೆಚ್ಚುಗೆ ಇತ್ತು. ಪ್ರಶಸ್ತಿಯ ಷರತ್ತು ಒಂದೇ: ವಿನಿಮಯ ಪದರ ಇನ್ನು ಹತ್ತು ವರ್ಷ ನಿಲ್ಲದೆ ನಡೆಯತಕ್ಕದ್ದು. ಐವರು ಮುಖ್ಯಸ್ಥರೂ ತಮ್ಮ ತಮ್ಮ ಪೆನ್ನಿನಿಂದ ಅದಕ್ಕೂ ಸಹಿ ಹಾಕಿ, ಒಂದೇ ವಿಮಾನದಲ್ಲಿ ಐದು ಬೇರೆ ಬೇರೆ ಸಾಲುಗಳಲ್ಲಿ ಕುಳಿತು ಹೋಗಿ ಬಂದರು.

ಆ ವರ್ಷವೇ ಚೀಲದಣ್ಣನಿಗೆ ಅರವತ್ತು ತುಂಬುವುದಿತ್ತು.

ಇದನ್ನು ಕಟ್ಟಡದಲ್ಲಿ ಯಾರೂ ಎಣಿಸಿರಲಿಲ್ಲ. ಅವನ ಹೆಂಡತಿ ಎಣಿಸಿದ್ದಳು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ತಪ್ಪು ಹೊಲಿಗೆಯನ್ನು ಸಹಿಸದವಳು, ಗಿರಾಕಿ ಒಪ್ಪಿದರೂ ತಾನು ಒಪ್ಪದೆ ಬಿಚ್ಚಿ ಹೊಲಿಯುವವಳು. ಆರು ತಿಂಗಳ ಮುಂಚೆಯೇ ಕೈಯಿರುವ ಒಂದು ಒಳ್ಳೆಯ ಮರದ ಕುರ್ಚಿ ತಂದು, ಹೊಲಿಗೆ ಯಂತ್ರದ ಪಕ್ಕದಲ್ಲಿ, ಬೀದಿ ಕಾಣುವಂತೆ ಇಟ್ಟಿದ್ದಳು. ಬರುವ ಗಿರಾಕಿಗಳೆಲ್ಲ ಅದರ ಮೇಲೆ ಬಟ್ಟೆಯ ಗಂಟು ಇಡತೊಡಗಿದಾಗ, ಒಂದು ದಿಂಬು ಹೊಲಿದು, ಅದರ ಮೇಲೆ ಕೆಂಪು ದಾರದಲ್ಲಿ 'ನಿವೃತ್ತರಿಗೆ ಮಾತ್ರ' ಎಂದು ಕಸೂತಿ ಹಾಕಿ ಕುರ್ಚಿಯ ಮೇಲಿಟ್ಟಳು. ಮಾತು ಎಂದರೆ ಮಾತು. ಒಂದು ಸಂಜೆ ಗಂಡ ದಣಿದು ಬಂದು ಅದರ ಮೇಲೆ ಕೂರಲು ಹೋದಾಗಲೂ ಬಿಡಲಿಲ್ಲ.

"ಏಳ್ರೀ, ಇನ್ನೂ ನಾಲ್ಕು ತಿಂಗಳಿದೆ."

"ಒಂದು ಗಳಿಗೆ ಕಣೇ. ಕಾಲು ಬಿದ್ದು ಹೋಗ್ತಿದೆ."

"ಮೂವತ್ತಾರು ವರ್ಷ ನಿಂತೋರಿಗೆ ನಾಲ್ಕು ತಿಂಗಳು ಹೆಚ್ಚಾ? ಕೂತ್ರೆ ಹಕ್ಕಿನಿಂದ ಕೂರಬೇಕು. ಕದ್ದು ಕೂತ್ಕೊಂಡ್ರೆ ಅದು ಕೂತಂಗಲ್ಲ."

ಚೀಲದಣ್ಣನಿಗೆ ಅದು ಸರಿಯೆನಿಸಿತು. ಅಂದಿನಿಂದ ಅವನು ಪ್ರತಿ ಮೆಟ್ಟಿಲಿಗೂ ಆ ಕುರ್ಚಿಯನ್ನು ನೆನೆಯುತ್ತಿದ್ದ. ಜೀವನದಲ್ಲಿ ಅವನಿಗೆ ಬೇಕಾಗಿದ್ದುದು ಅದೊಂದೇ. ನಿವೃತ್ತಿಯ ತಿಂಗಳ ಕೊನೆಯ ದಿನ ಮನೆಗೆ ಹೋಗುವುದು, ಕೂರುವುದು.

ಮೂರು ತಿಂಗಳ ಮುಂಚೆ ಅವನು ಅರ್ಜಿ ಬರೆದು ನಾಲ್ಕನೇ ಮಹಡಿಯ ಸಿಬ್ಬಂದಿ ಗುಮಾಸ್ತನಿಗೆ ಕೊಟ್ಟ. ಗುಮಾಸ್ತ ಎರಡು ಸಲ ಓದಿದ.

"ಅಣ್ಣಾ, ನಿವೃತ್ತಿ ಆಗಬೇಕಂದ್ರೆ ಐದೂ ಇಲಾಖೆಯವರು ಆಕ್ಷೇಪಣೆ ಇಲ್ಲ ಅಂತ ಮುದ್ರೆ ಹಾಕಬೇಕು."

"ಹಾಕಿಸ್ಕೊಂಡು ಬರ್ತೀನಿ, ಅದಕ್ಕೇನು? ನಾನು ದಿನಾ ಮಾಡೋದೇ ಅದು."

"ಆಗಲ್ಲಣ್ಣ. ನಿಯಮ ಹದಿನೇಳು. ಯಾವ ನೌಕರನೂ ತನ್ನ ಸ್ವಂತ ಕಡತವನ್ನು ತಾನೇ ಒಯ್ಯತಕ್ಕದ್ದಲ್ಲ."

"ಸರಿ ಹಾಗಾದ್ರೆ ನೀನೇ ಒಯ್ಯಿ."

"ನಾನು ಒಯ್ದರೆ ಯಾರು ತಗೋತಾರೆ? ಇಲಾಖೆಯಿಂದ ಇಲಾಖೆಗೆ ಏನೇ ಹೋದ್ರೂ ವಿನಿಮಯ ಪದರದ ಮೂಲಕಾನೇ ಹೋಗಬೇಕು ಅಂತ ಆದೇಶ ಇದೆ. ಪದರ ಅಂದ್ರೆ ನೀನು."

"ಅಂದ್ರೆ ನನ್ನ ಕಡತ ನಾನೇ ಒಯ್ಯಬೇಕು."

"ಹೌದು."

"ಆದ್ರೆ ಒಯ್ಯಂಗಿಲ್ಲ."

"ನೋಡಿದ್ಯಾ, ನೀನು ಎಷ್ಟು ಬೇಗ ಅರ್ಥ ಮಾಡ್ಕೋತೀಯ. ನಮ್ಮ ಸಾಹೇಬರಿಗೆ ಎರಡು ದಿನ ಬೇಕಾಯ್ತು," ಎಂದ ಗುಮಾಸ್ತ, ನಿಜವಾದ ಗೌರವದಿಂದ.

ಕಡತ ಎರಡೂವರೆ ತಿಂಗಳು ಗುಮಾಸ್ತನ ಮೇಜಿನ ಮೇಲೆ ಮಲಗಿತು. ಚೀಲದಣ್ಣ ದಿನಕ್ಕೆ ಆರೇಳು ಸಲ ಅದರ ಮುಂದೆಯೇ ಬೇರೆಯವರ ಕಡತಗಳನ್ನು ಹೊತ್ತು ಹಾದುಹೋಗುತ್ತಿದ್ದ. ನದಿಯಲ್ಲಿ ನಿಂತವನಿಗೆ ಬಾಯಾರಿದ ಹಾಗೆ. ಕೊನೆಗೆ ತಡೆಯಲಾರದೆ ಸಮನ್ವಯಾಧಿಕಾರಿಯವರ ಕೋಣೆಗೆ ಹೋಗಿ, ಕಾಲು ಜೋಡಿಸಿ ನಿಂತ.

"ಮೇಡಂ, ಇನ್ನು ಹತ್ತು ದಿನ ಇದೆ. ಮೊಣಕಾಲು ಮಾತು ಕೇಳ್ತಾ ಇಲ್ಲ."

"ನಿನ್ನ ಕಷ್ಟ ನನಗೆ ಅರ್ಥವಾಗುತ್ತೆ. ಆದರೆ ನಿಯಮಕ್ಕೆ ಅರ್ಥವಾಗಬೇಕಲ್ಲ," ಎಂದರು ಅವರು. "ನೆಟ್ಟಗೆ ನಿಂತ್ಕೊ."

ಅವರು ಕಲ್ಲೆದೆಯವರಲ್ಲ. ಮರುದಿನವೇ ಐವರು ಮುಖ್ಯಸ್ಥರ ಸಭೆ ಕರೆದರು. ಚೀಲದಣ್ಣ ಬಾಗಿಲ ಬಳಿ ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದ.

"ಅದಕ್ಕೇನಂತೆ? ಇವನ ಜಾಗಕ್ಕೆ ನಮ್ಮ ಜವಾನನ್ನ ಕೊಡ್ತೀನಿ. ಗಟ್ಟಿಮುಟ್ಟಾಗಿದ್ದಾನೆ," ಎಂದರು ಭೂದಾಖಲೆಯವರು.

"ಯಾಕೆ, ನಮ್ಮ ಕಾಗದ ಎಲ್ಲ ದಾರೀಲಿ ಓದ್ಕೊಂಡು ನಿಮಗೆ ವರದಿ ಒಪ್ಪಿಸೋಕಾ?" ಎಂದರು ನೀರಿನವರು.

"ನಿಮ್ಮ ಕಾಗದದಲ್ಲಿ ಓದೋದೇನ್ರೀ ಇದೆ? ಸೋರೋ ಪೈಪು."

"ನಿಮ್ಮ ನಕ್ಷೆಗಿಂತ ಕಮ್ಮಿ ಸೋರುತ್ತೆ ಬಿಡಿ."

"ಹಾಗಾದ್ರೆ ನಮ್ಮವನನ್ನ ತಗೊಳ್ಳಿ," ಎಂದರು ಪರವಾನಗಿಯವರು.

"ನಿಮ್ಮವನು ಒಂದು ಮಹಡಿ ಹತ್ತೋಕೆ ಮುಂಚೆ ಕೈ ಚಾಚ್ತಾನೆ," ಎಂದು ಉಳಿದ ನಾಲ್ವರೂ ಒಂದೇ ಉಸಿರಿಗೆ ಹೇಳಿದರು. ಏಕೀಕರಣದ ಇತಿಹಾಸದಲ್ಲಿ ಇದು ಎರಡನೇ ಒಮ್ಮತ. ಪರವಾನಗಿಯವರೂ ಬೇಸರಿಸಿಕೊಳ್ಳಲಿಲ್ಲ. ತಮ್ಮ ಇಲಾಖೆಯ ಕಾರ್ಯದಕ್ಷತೆ ಎಲ್ಲರಿಗೂ ಗೊತ್ತಿದೆಯೆಂದು ಅವರಿಗೆ ಸಮಾಧಾನವೇ ಆದಂತೆ ಕಂಡಿತು.

ಹೊಸದಾಗಿ ಯಾರನ್ನಾದರೂ ನೇಮಿಸೋಣವೆಂದರೆ, ಯಾವ ಇಲಾಖೆಗೆ ನೇಮಿಸುವುದು? ಯಾವುದಕ್ಕೂ ಸೇರದವನು ಬೇಕೆಂದರೆ ಮೊದಲು ಒಂದು ಇಲಾಖೆಯನ್ನು ಹುಟ್ಟಿಸಿ, ಅದಕ್ಕೆ ಅವನನ್ನು ನೇಮಿಸಿ, ಆಮೇಲೆ ಇಲಾಖೆಯನ್ನು ಮುಚ್ಚಬೇಕು. ಅದಕ್ಕೆ ಕನಿಷ್ಠ ಹನ್ನೆರಡು ವರ್ಷ ಹಿಡಿಯುತ್ತದೆಂದು ಲೆಕ್ಕ ಸಿಕ್ಕಿತು. ಸಭೆ ಮುಂದಕ್ಕೆ ಹೋಯಿತು. ಚೀಲದಣ್ಣ ಲೋಟಗಳನ್ನು ತೊಳೆದಿಟ್ಟ.

ತಿಂಗಳು ಮುಗಿಯಲು ಎರಡು ದಿನವಿದ್ದಾಗ ದಾಸ್ತಾನು ಪರಿವೀಕ್ಷಕ ಬಂದ. ಅವನು ವರ್ಷಕ್ಕೊಮ್ಮೆ ಒಂದು ದಪ್ಪ ಪುಸ್ತಕ, ಒಂದು ಅಂಟಿನ ಡಬ್ಬಿ, ಒಂದು ಕಟ್ಟು ಸಂಖ್ಯೆಯ ಚೀಟಿ ಹಿಡಿದು ಬಂದು, ಸರಕಾರದ ಸಾಮಾನುಗಳೆಲ್ಲ ಇವೆಯೇ, ಕೆಲಸ ಮಾಡುತ್ತಿವೆಯೇ ಎಂದು ನೋಡಿ ಹೋಗುವವನು. ಸಣಕಲು ಮನುಷ್ಯ. ಮನುಷ್ಯರ ಮುಖ ನೋಡುತ್ತಿರಲಿಲ್ಲ, ಚೀಟಿ ಎಲ್ಲಿ ಅಂಟಿಸಬಹುದೆಂದು ನೋಡುತ್ತಿದ್ದ.

"ವಿನಿಮಯ ಪದರ, ಒಂದು. ಎಲ್ಲಿದೆ?"

ಸಮನ್ವಯಾಧಿಕಾರಿಯವರು ಮೆಟ್ಟಿಲ ಕೆಳಗಿನ ಪೆಟ್ಟಿಗೆಯನ್ನು ತೋರಿಸಿದರು.

"ಇದು ಕೆಲಸ ಮಾಡ್ತಾ ಇಲ್ವಲ್ಲ. ಪುಸ್ತಕದಲ್ಲಿ 'ಚಾಲನೆಯಲ್ಲಿದೆ' ಅಂತಿದೆ. ಪ್ರಶಸ್ತಿ ಬೇರೆ ಬಂದಿದೆ. ಹಾಗಾದ್ರೆ ವಿನಿಮಯ ಮಾಡ್ತಿರೋದು ಯಾರು?"

ಆ ಹೊತ್ತಿಗೆ ಸರಿಯಾಗಿ ಚೀಲದಣ್ಣ ಗೋಡೆ ಹಿಡಿದು ಇಳಿದು ಬಂದ. ಸಮನ್ವಯಾಧಿಕಾರಿಯವರು, ಮೊದಲೇ ಹೇಳಿದಂತೆ, ಸುಳ್ಳು ಹೇಳುವವರಲ್ಲ. "ಇವನು," ಎಂದರು.

ಪರಿವೀಕ್ಷಕ ಚೀಲದಣ್ಣನನ್ನು ಮೇಲಿನಿಂದ ಕೆಳಗೆ ನೋಡಿದ. ಪುಸ್ತಕ ನೋಡಿದ. ಪೆಟ್ಟಿಗೆ ನೋಡಿದ.

"ಪದರ ಇವನೇ ಆದ್ರೆ," ಎಂದ ನಿಧಾನವಾಗಿ, "ಈ ಪೆಟ್ಟಿಗೆ ಯಾರು?"

ಸಮನ್ವಯಾಧಿಕಾರಿಯವರ ಮುಖದಲ್ಲಿ, ಸೊಟ್ಟಗಿದ್ದ ಚಿತ್ರಪಟವೊಂದು ತಾನಾಗಿ ನೇರವಾದದ್ದನ್ನು ಕಂಡಂಥ ಬೆಳಕು ಮೂಡಿತು. "ಚೀಲದಣ್ಣ, ನೀನು ಹೋಗಿ ಟೀ ತಗೊಂಡು ಬಾ," ಎಂದರು. ನಾಗರಿಕರ ಪರದೆಗಳ ಮೇಲೆ 'ದಯವಿಟ್ಟು ಕಾಯಿರಿ' ಎಂದು ಬಂತು.

ಅವನು ಟೀ ತಂದಾಗ ಐವರು ಮುಖ್ಯಸ್ಥರೂ ಅಲ್ಲಿದ್ದರು, ಐವರೂ ನಗುತ್ತಿದ್ದರು. ಹೀಗೆ ಒಟ್ಟಿಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ಪರಿವೀಕ್ಷಕ ಅವನ ಅಂಗಿಯ ಜೇಬಿನ ಮೇಲೆ ಒಂದು ಚೀಟಿ ಅಂಟಿಸಿದ. ಸಮನ್ವಯಾಧಿಕಾರಿಯವರು ಅಡಿಪಟ್ಟಿ ಹಿಡಿದು ಅದನ್ನು ನೇರ ಮಾಡಿ, ಕಡತವನ್ನು ಅವನ ಕೈಗೆ ಕೊಟ್ಟರು. ಅವನದೇ ನಿವೃತ್ತಿಯ ಕಡತ.

"ತಗೊ, ಐದೂ ಮಹಡಿಯ ಮುದ್ರೆ ಹಾಕಿಸಿಕೊಂಡು ಬಾ."

"ನಿಯಮ ಹದಿನೇಳು, ಮೇಡಂ?"

"ಅದು ನೌಕರರಿಗೆ."

ಚೀಲದಣ್ಣ ಮುಂದೆ ಕೇಳಲಿಲ್ಲ. ಬಿಡುಗಡೆಯ ಬಾಗಿಲು ತೆರೆದಾಗ ಕೀಲಿ ಯಾರದೆಂದು ಯಾರು ಕೇಳುತ್ತಾರೆ? ಅವನು ಹತ್ತಿದ. ಆ ಎಂಬತ್ತೆಂಟು ಮೆಟ್ಟಿಲು ಅವತ್ತು ಅವನಿಗೆ ಎಂಟಾಗಿ ಕಂಡವು. ನೆಲಮಹಡಿಯ ಮುದ್ರೆ ಬಿತ್ತು, ಒಂದನೆಯದು ಬಿತ್ತು, ಎರಡು, ಮೂರು. ನಾಲ್ಕನೇ ಮಹಡಿಯ ಗುಮಾಸ್ತ ಕೊನೆಯ ಮುದ್ರೆ ಒತ್ತಿ, ಮುದ್ರಿತ ಆದೇಶವನ್ನು ಕೈಗಿತ್ತು, ಗಡಿಯಾರ ನೋಡಿ, "ಮೂವತ್ತೊಂದು ನಿಮಿಷ ಕಣಣ್ಣ! ದಾಖಲೆ!" ಎಂದ. ಅದು ದಾಖಲೆಯೇ. ಮುಂದಿನ ವಾರ್ಷಿಕ ವರದಿಯಲ್ಲಿ ಅದಕ್ಕೆ ಪ್ರತ್ಯೇಕ ಪುಟ ಸಿಕ್ಕಿತು.

ಮೂರನೇ ಮತ್ತು ಎರಡನೇ ಮಹಡಿಗಳ ನಡುವೆ, ಕಿಟಕಿಯ ಬೆಳಕಿಗೆ ನಿಂತು, ಚೀಲದಣ್ಣ ಅಭ್ಯಾಸದಂತೆ ಓದಿದ.

"ಆದೇಶ. ದಾಸ್ತಾನು ಪುಸ್ತಕವನ್ನೂ ಸೇವಾ ಪುಸ್ತಕವನ್ನೂ ತಾಳೆ ನೋಡಲಾಗಿ, ಎರಡರಲ್ಲಿ ತಲಾ ಒಂದು ನಮೂದು ಅದಲುಬದಲಾಗಿರುವುದು ಕಂಡುಬಂದಿದೆ. ವಿನಿಮಯ ಪದರವೆಂದು ನಮೂದಾಗಿರುವ ಪೆಟ್ಟಿಗೆಯು ಬಂದ ದಿನದಿಂದ ಇದ್ದಲ್ಲೇ ಇದ್ದು, ಯಾವ ಕಡತವನ್ನೂ ಮುಟ್ಟದೆ, ತನ್ನನ್ನು ಯಾರೂ ಮುಟ್ಟದಂತೆ ಫಲಕ ಧರಿಸಿಕೊಂಡಿರುವುದರಿಂದ ಖಾಯಂ ನೌಕರನ ಸಕಲ ಲಕ್ಷಣಗಳನ್ನೂ ಹೊಂದಿದೆ. ಜವಾನನೆಂದು ನಮೂದಾಗಿರುವುದು ಐದು ಇಲಾಖೆಗಳ ಮಾಹಿತಿಯನ್ನು ಎಡೆಬಿಡದೆ ವಿನಿಮಯ ಮಾಡುತ್ತಿರುವುದರಿಂದ ವಿನಿಮಯ ಪದರವಾಗಿದೆ. ಆದ್ದರಿಂದ ತಪ್ಪನ್ನು ಸರಿಪಡಿಸಿ, ಸದರಿ ನೌಕರನು, ಅಂದರೆ ಪೆಟ್ಟಿಗೆಯು, ಈ ತಿಂಗಳ ಮೂವತ್ತೊಂದನೇ ತಾರೀಕಿನಂದು ವಯೋನಿವೃತ್ತಿ ಹೊಂದತಕ್ಕದ್ದು. ವಿನಿಮಯ ಪದರವು ಮುಂದುವರಿಯತಕ್ಕದ್ದು. ಪದರಕ್ಕೆ ವಯೋಮಿತಿ ಇರುವುದಿಲ್ಲ. ಅದಕ್ಕೆ ಸಂಬಳದ ಬದಲು ನಿರ್ವಹಣಾ ಭತ್ಯೆಯನ್ನೂ, ಅಗತ್ಯವಿದ್ದಲ್ಲಿ ಕೀಲುಗಳಿಗೆ ಎಣ್ಣೆಯನ್ನೂ ಒದಗಿಸತಕ್ಕದ್ದು. ಕೆಲಸದ ವೇಳೆಯ ನಂತರ ಪದರವನ್ನು ಜವಾಬ್ದಾರಿಯುತ ವ್ಯಕ್ತಿಯ ಸುಪರ್ದಿನಲ್ಲಿ ಇಡತಕ್ಕದ್ದು."

ಅವನು ಎರಡನೇ ಸಲ ಓದಿದ. ಮೂರನೇ ಸಲ ಓದಿದ. ಎಲ್ಲೋ ತಪ್ಪಿದೆ ಎಂದು ಅವನ ಒಳಗು ಹೇಳುತ್ತಿತ್ತು. ಒಂದೊಂದೇ ವಾಕ್ಯವನ್ನು ಬೆರಳಿಟ್ಟು ತಡವಿದ. ಪೆಟ್ಟಿಗೆ ಇದ್ದಲ್ಲೇ ಇದ್ದದ್ದು ನಿಜ. ಅದು ಕಡತ ಮುಟ್ಟದೆ ಇದ್ದದ್ದು ನಿಜ. ತಾನು ವಿನಿಮಯ ಮಾಡಿದ್ದು ನಿಜ. ಕಡತದಲ್ಲಿ ಐದು ಮುದ್ರೆಗಳೂ ಸ್ಪಷ್ಟವಾಗಿ, ಒಂದರ ಮೇಲೊಂದು ಬೀಳದೆ ಕೂತಿದ್ದವು. ಹಾಕಿಸಿದವನು ತಾನೇ.

ಆಗ ತಪ್ಪು ಸಿಕ್ಕಿತು. ಆ ತಿಂಗಳಿಗೆ ಇದ್ದದ್ದು ಮೂವತ್ತೇ ದಿನ.

ಇಲ್ಲದ ತಾರೀಕಿನ ಆದೇಶ ನಿಲ್ಲುವುದಿಲ್ಲ ಎಂಬುದು ಮೂವತ್ತಾರು ವರ್ಷ ಕಡತ ಹೊತ್ತವನಿಗೆ ತಿಳಿಯದ್ದಲ್ಲ. ಸುಮ್ಮನೆ ಇಳಿದುಹೋಗಿದ್ದರೆ ಆದೇಶ ಬಿದ್ದುಹೋಗುತ್ತಿತ್ತು. ಅವನು ಆ ಕಿಟಕಿಯ ಬಳಿ ತುಸು ಹೊತ್ತು ನಿಂತ. ಕೆಳಗೆ ಬೀದಿಯಲ್ಲಿ ಜನ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಕುರ್ಚಿ ನೆನಪಾಯಿತು. ಆದರೆ ತಪ್ಪಿರುವ ಹಾಳೆಯನ್ನು ಕೈಯಲ್ಲಿಟ್ಟುಕೊಂಡು ಕೆಳಗಿಳಿಯುವುದು ಆ ಕಾಲುಗಳಿಗೆ ಗೊತ್ತಿರಲಿಲ್ಲ. ಅವು ತಾವಾಗಿ ಮೇಲಕ್ಕೆ ತಿರುಗಿದವು.

"ಏನಪ್ಪಾ," ಎಂದ ಗುಮಾಸ್ತನಿಗೆ, "ಈ ತಿಂಗಳಿಗೆ ಮೂವತ್ತೇ ದಿನ."

ಗುಮಾಸ್ತ ಹಣೆ ಚಚ್ಚಿಕೊಂಡ. "ಅಯ್ಯೋ! ಹೀಗೇ ಹೋಗಿದ್ರೆ ಆದೇಶಾನೇ ರದ್ದಾಗ್ತಿತ್ತಲ್ಲಣ್ಣ! ಮನುಷ್ಯರಾಗಿದ್ರೆ ಯಾರೂ ಕಂಡುಹಿಡೀತಿರಲಿಲ್ಲ ಬಿಡು."

ಈ ಮಾತಿನಿಂದ ಚೀಲದಣ್ಣನಿಗೆ ಸಂತೋಷವೇ ಆಯಿತು. ಹೊಗಳಿಕೆ ಅವನಿಗೆ ಹೊಸದು.

ಮೂವತ್ತನೇ ತಾರೀಕು ಮಧ್ಯಾಹ್ನ ಬೀಳ್ಕೊಡುಗೆ ಸಮಾರಂಭ ನಡೆಯಿತು. ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗಿನಿಂದ ತಂದು ವೇದಿಕೆಯ ಮೇಲೆ ಇಡಲಾಯಿತು. ತಂದವನು ಚೀಲದಣ್ಣ. ಮುಖ್ಯಸ್ಥರು ಒಬ್ಬೊಬ್ಬರಾಗಿ ಮಾತನಾಡಿದರು. ಒಂದು ದಿನವೂ ಎದುರು ಮಾತನಾಡಿದವರಲ್ಲ, ರಜೆ ಕೇಳಿದವರಲ್ಲ, ಯಾವ ಇಲಾಖೆಯ ಪರವೂ ವಹಿಸಿದವರಲ್ಲ ಎಂದು ಹೇಳುವಾಗ ನೀರಿನವರು ಕನ್ನಡಕ ತೆಗೆದು ಒರೆಸಿಕೊಂಡರು. ಪೆಟ್ಟಿಗೆಗೆ ಒಂದು ಹೂಗುಚ್ಛವನ್ನೂ ಒಂದು ಗೋಡೆ ಗಡಿಯಾರವನ್ನೂ ಕೊಟ್ಟರು. ಎರಡು ಮಾತು ಹೇಳಬೇಕೆಂದು ಪೆಟ್ಟಿಗೆಯನ್ನು ಕೇಳಿಕೊಂಡರು. ಅದರ ಮೌನವನ್ನು ವಿನಯವೆಂದು ತಿಳಿದು ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಚೀಲದಣ್ಣನೂ ತಟ್ಟಿದ. ಪಕ್ಕದಲ್ಲಿ ಎಲ್ಲರೂ ತಟ್ಟುವಾಗ ಸುಮ್ಮನಿರುವುದು ಒಳ್ಳೆಯ ನಡತೆಯಲ್ಲ.

ನಿವೃತ್ತರನ್ನು ಇಲಾಖೆಯ ಜೀಪಿನಲ್ಲಿ ಮನೆಗೆ ಬಿಡುವುದು ಪದ್ಧತಿ. ಸೇವಾ ಪುಸ್ತಕದಲ್ಲಿದ್ದ ವಿಳಾಸಕ್ಕೆ ಪೆಟ್ಟಿಗೆ, ಹೂಗುಚ್ಛ ಮತ್ತು ಗಡಿ‌ಯಾರವನ್ನು ಹೊತ್ತ ಜೀಪು ಹೊರಟಿತು. ಸಾಮಾನುಗಳನ್ನು ಜೀಪಿನಲ್ಲಿ ಸಾಗಿಸಲು ಬೇರೆ ಅನುಮತಿ ಬೇಕು. ಆದ್ದರಿಂದ ಚೀಲದಣ್ಣ ನಡೆದುಕೊಂಡು ಹೋದ.

ಮನೆ ತಲುಪುವಾಗ ಸಂಜೆಯಾಗಿತ್ತು. ಹೊಲಿಗೆ ಯಂತ್ರ ನಿಂತಿತ್ತು. ಕುರ್ಚಿಯ ಮೇಲೆ, ಕಸೂತಿಯ ದಿಂಬಿಗೆ ಒರಗಿ, ಬೀದಿ ಕಾಣುವಂತೆ, ಪೆಟ್ಟಿಗೆ ಕುಳಿತಿತ್ತು. ಹೂಗುಚ್ಛ ಅದರ ಮಡಿಲಲ್ಲಿತ್ತು.

"ರೀ, ಜೀಪಿನೋರು ಬಂದಿದ್ರು," ಎಂದಳು ಹೆಂಡತಿ. "ನಿವೃತ್ತರು ಬಂದಿದ್ದಾರೆ, ಎಲ್ಲಿ ಕೂರಿಸೋಣ ಅಂದ್ರು. ನಾನು ಏನು ಹೇಳೋದಕ್ಕೂ ಮುಂಚೆ ದಿಂಬು ಓದಿದ್ರು. ಕೂರಿಸಿ ಹೋದ್ರು."

"ನೀನೇನೂ ಅನ್ನಲಿಲ್ವಾ?"

"ಏನನ್ನಲಿ? ನಾನೇ ಹೊಲಿದಿರೋದು. ಆದೇಶ ನೋಡಿದೆ, ಮುದ್ರೆ ನೋಡಿದೆ. ತಾರೀಕಾದ್ರೂ ತಪ್ಪಿರುತ್ತೇನೋ ಅಂತ ನೋಡಿದೆ. ಅದೂ ಸರಿಯಾಗಿತ್ತು."

ಚೀಲದಣ್ಣ ಚೀಲದಿಂದ, ರಾತ್ರಿ ಪದರವನ್ನು ಇಟ್ಟುಕೊಳ್ಳುವವರು ಸಹಿ ಮಾಡಬೇಕಾದ ಸುಪರ್ದು ನಮೂನೆಯನ್ನು ತೆಗೆದುಕೊಟ್ಟ. ಅವಳು ಕನ್ನಡಕ ಹಾಕಿಕೊಂಡು, ಹೊಲಿದ ಬಟ್ಟೆ ತಿರುವಿ ನೋಡುವ ಹಾಗೆ, ಹಾಳೆಯನ್ನು ಹಿಂದೆ ಮುಂದೆ ನೋಡಿದಳು. 'ಸ್ವೀಕರಿಸಿದ ವಸ್ತು' ಎಂಬಲ್ಲಿ 'ವಿನಿಮಯ ಪದರ, ಒಂದು' ಎಂದು ಮೊದಲೇ ತುಂಬಿತ್ತು. 'ಸ್ಥಿತಿ' ಎಂಬ ಅಂಕಣ ಖಾಲಿ ಇತ್ತು. ಅವಳು ಗಂಡನ ಜೇಬಿನ ಮೇಲಿನ ಚೀಟಿಯನ್ನು ನೋಡಿದಳು, ಮೊಣಕಾಲುಗಳನ್ನು ನೋಡಿದಳು, 'ಹಳೆಯದು, ಚಾಲನೆಯಲ್ಲಿದೆ' ಎಂದು ಬರೆದು ಸಹಿ ಹಾಕಿದಳು. ಬೆಳಿಗ್ಗೆ ಹತ್ತು ಗಂಟೆಗೆ ಮರಳಿಸತಕ್ಕದ್ದು ಎಂಬ ಸಾಲನ್ನು ಓದಿ, "ಬುತ್ತಿ ಅವರು ಕೊಡ್ತಾರಾ, ನಾನೇ ಕಟ್ಟಬೇಕಾ?" ಎಂದು ಕೇಳಿದಳು.

"ನೀನೇ ಕಟ್ಟು. ಅವರದು ಬರೀ ಎಣ್ಣೆ."

ಆಗಲೇ ಒಬ್ಬ ಗಿರಾಕಿ ಹೆಂಗಸು ಕಿಟಕಿಯ ಪರದೆ ಕೊಂಡೊಯ್ಯಲು ಬಂದಳು. ಹೂಗುಚ್ಛ ನೋಡಿ, "ಏನಕ್ಕಾ, ಯಾರು ನಿವೃತ್ತರಾದ್ರು?" ಎಂದಳು.

"ಇವರು," ಎಂದು ಹೆಂಡತಿ ಕುರ್ಚಿ ತೋರಿಸಿದಳು.

"ಒಳ್ಳೇದಾಯ್ತು. ಪಾಪ, ಎಷ್ಟು ದುಡಿದಿದ್ರೋ," ಎಂದು ಗಿರಾಕಿ ಪೆಟ್ಟಿಗೆಯ ಕಡೆ ತಲೆಬಾಗಿ, ಪರದೆಯ ಅಂಚು ನೋಡಿಕೊಂಡು ಹೋದಳು.

ಚೀಲದಣ್ಣ ಬಾಗಿಲ ಪಕ್ಕದ ಗೋಡೆಗೆ ಒರಗಿ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿದ. ಹೆಂಡತಿ ಅವನನ್ನು ನೋಡಿದಳು, ಕುರ್ಚಿಯನ್ನು ನೋಡಿದಳು. ದನಿ ತಗ್ಗಿಸಿ ಕೇಳಿದಳು:

"ರೀ, ಒಂದು ಗಳಿಗೆ ಅವರನ್ನ ಎಬ್ಬಿಸಲಾ?"

"ಛೇ, ಬೇಡ," ಎಂದ ಚೀಲದಣ್ಣ. "ಇವತ್ತಷ್ಟೇ ನಿವೃತ್ತರಾಗಿದ್ದಾರೆ. ಕೂತಿರ್ಲಿ."